ಮಾತ್ರೆ ಬಿಡಬೇಡಿ, ಬಣ್ಣ ಬಿಡಿ

ಪಾಪಿರೆಡ್ಡಿಪಟ್ಟಿ, ಹರೂರು, ಸೇಲಂ ಕಡೆಯ ಕನ್ನಡ ಬಂಧುಗಳೇ,

ಅರಿಶಿನ, ಮರಗೆಣಸು ಬೆಳೆಯುವ ಸೀಮೆ ನಮ್ಮದು. ಆದರೂ ಸಂತೆಯಲ್ಲಿ ನಮ್ಮ ಮಕ್ಕಳು ತಿನ್ನುವ ಮಿಠಾಯಿಯ ಹಳದಿ ಅರಿಶಿನದ್ದಲ್ಲ, ಡಬ್ಬಿಯ ಬಣ್ಣದ ಪುಡಿಯದು. ಅದೇ ಮಕ್ಕಳಿಗೆ ಚಳಿಜ್ವರ ಬಂದರೆ ರಕ್ತ ಪರೀಕ್ಷೆಯೂ ಇಲ್ಲದೆ ಮೆಡಿಕಲ್ ಶಾಪಿನಿಂದ ಬಿಡಿ ಮಾತ್ರೆ ತಂದು ನುಂಗಿಸುತ್ತೇವೆ. ಈ ಎರಡರ ಬಗ್ಗೆಯೂ ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುವುದಿದೆ.

ಮಾತ್ರೆಗೂ ಬಣ್ಣಕ್ಕೂ ಇರುವ ನಂಟನ್ನು ಮೊದಲು ಹೇಳುತ್ತೇನೆ. ನಾವು ಉಸಿರಾಡಿದ ಆಮ್ಲಜನಕ ಜೀವಕೋಶದಲ್ಲಿ ಬಳಕೆಯಾಗುವಾಗ ಹಾನಿ ಮಾಡುವ ಕಣಗಳೂ ಹುಟ್ಟುತ್ತವೆ. ದೇಹದಲ್ಲೇ ಇರುವ ಗ್ಲುಟಾಥಯೋನ್, ಕ್ಯಾಟಲೇಸ್ ಮುಂತಾದವು ಅವನ್ನು ಅಡಗಿಸುತ್ತವೆ. ಹುಟ್ಟುವುದು ಹೆಚ್ಚಿ ಅಡಗಿಸುವ ಶಕ್ತಿ ಕುಂದಿದರೆ ಅದೇ ಆಕ್ಸಿಡೇಟಿವ್ ಒತ್ತಡ. ಇಲಿಗಳಿಗೆ ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಹೆಚ್ಚಾಗಿ ಕೊಟ್ಟಾಗಲೂ, ಟಾರ್ಟ್ರಾಜಿನ್ ಎಂಬ ಹಳದಿ ಬಣ್ಣವನ್ನು ವಾರಗಟ್ಟಲೆ ತಿನ್ನಿಸಿದಾಗಲೂ ಲಿವರ್‌ನಲ್ಲಿ ಗ್ಲುಟಾಥಯೋನ್ ಇಳಿದು, ಜೀವಕೋಶದ ಕೊಬ್ಬು ಕೆಟ್ಟಿದ್ದರ ಗುರುತುಗಳು ಏರಿದ್ದನ್ನು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ. ಇಲಿಗಳಿಗೆ ಕೊಡುವ ಪ್ರಮಾಣ ಬಹಳ ಸಲ ದೊಡ್ಡದು. ಅಲ್ಲಿ ಕಂಡದ್ದೆಲ್ಲ ನಮಗೂ ಹಾಗೆಯೇ ಆಗುತ್ತದೆ ಎನ್ನಲಾಗದು. ಆದರೆ ಎಚ್ಚರದಿಂದಿರಲು ಅಷ್ಟು ಸಾಕು.

ಮಾತ್ರೆಯ ವಿಷಯದಲ್ಲಿ ಮನುಷ್ಯರಿಂದಲೇ ಕಲಿತ ಪಾಠವಿದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ನಮ್ಮ ದೇಶದಲ್ಲಿ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಜ್ವರ ತರುವ ರೋಗಾಣುವನ್ನು ಕೊಲ್ಲುವುದು ಈ ಪ್ರೈಮಾಕ್ವಿನ್. ಆದರೆ ಕೆಲವರ ರಕ್ತದಲ್ಲಿ ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರು ಪ್ರೈಮಾಕ್ವಿನ್ ನುಂಗಿದರೆ ಕೆಂಪು ರಕ್ತಕಣಗಳು ಒತ್ತಡ ತಾಳದೆ ಒಡೆಯುತ್ತವೆ. ಅಮೆರಿಕದ ಸಂಶೋಧಕರು 1956ರಲ್ಲೇ ಇದನ್ನು ಪತ್ತೆಹಚ್ಚಿದರು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ನಾಲ್ಕು ಹೆಜ್ಜೆಗೇ ಏದುಸಿರು ಬರುವುದು ಅದರ ಲಕ್ಷಣ. ಹಾಗಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಓಡಬೇಕು.

ಹಾಗಂತ ಮಾತ್ರೆಗೆ ಹೆದರಿ ಬಿಡಬೇಡಿ. ಮಲೇರಿಯಾ ಕೊಲ್ಲುವ ರೋಗ. ರೋಗ ಖಚಿತವಾದ ಮೇಲೆ ವೈದ್ಯರು ತೂಕ ನೋಡಿ ಕೊಟ್ಟ ಮಾತ್ರೆಯಿಂದ ಹಾನಿಗಿಂತ ಉಪಕಾರವೇ ದೊಡ್ಡದು.

ಬಣ್ಣದಿಂದ ಆ ಉಪಕಾರವೂ ಇಲ್ಲ. ಅದು ಹಸಿವು ತಣಿಸದು, ರುಚಿ ಹೆಚ್ಚಿಸದು, ಕಣ್ಣಿಗಷ್ಟೇ ಚೆಂದ. ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿದ್ದಕ್ಕೆ ತಮಿಳುನಾಡು ಸರ್ಕಾರ 2024ರ ಫೆಬ್ರುವರಿಯಲ್ಲಿ ಪಂಜುಮಿಠಾಯಿಯನ್ನೇ ನಿಷೇಧಿಸಿತು. ಮರುತಿಂಗಳು ಕರ್ನಾಟಕದಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ತಿಳಿದು, ಅಲ್ಲಿಯೂ ಕೃತಕ ಬಣ್ಣಕ್ಕೆ ನಿಷೇಧ ಬಿತ್ತು. ಜೂನ್‌ನಲ್ಲಿ ಕಬಾಬಿನ ಸರದಿ. ಯುರೋಪಿನಲ್ಲಿ 2010ರಿಂದ ಟಾರ್ಟ್ರಾಜಿನ್ ಸೇರಿ ಆರು ಬಣ್ಣಗಳಿರುವ ತಿನಿಸಿನ ಪೊಟ್ಟಣದ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನಕ್ಕೆ ತೊಂದರೆಯಾಗಬಹುದು ಎಂದು ಮುದ್ರಿಸಲೇಬೇಕು. ನಮ್ಮಲ್ಲಿ ಕಾನೂನು ಒಪ್ಪಿದ ಬಣ್ಣಕ್ಕೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿಯಿದೆ. ಆದರೆ ಬೀದಿಯ ಬಾಣಲೆಗೆ ಬೀಳುವ ಚಿಟಿಕೆಯನ್ನು ತೂಗುವವರು ಯಾರು?

ಆದ್ದರಿಂದ ನನ್ನ ಬೇಡಿಕೆಗಳು ಇವು.

ಜ್ವರ ಬಂದರೆ, ಅದರಲ್ಲೂ ಕಟ್ಟಡದ ಕೆಲಸಕ್ಕೆ ಊರೂರು ಸುತ್ತಿ ಬಂದವರಿಗೆ ಬಂದರೆ, ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಪ್ರೈಮಾಕ್ವಿನ್ ಬರೆದುಕೊಟ್ಟರೆ ಜಿ-6-ಪಿಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಕೋರ್ಸನ್ನು ಪೂರ್ತಿ ಮುಗಿಸಿ, ನಿಮ್ಮ ಮಾತ್ರೆಯನ್ನು ಪಕ್ಕದ ಮನೆಗೆ ಕೊಡಬೇಡಿ.

ಅಂಗಡಿಯಲ್ಲಿ ಬಣ್ಣವಿಲ್ಲದ ತಿನಿಸನ್ನೇ ಕೇಳಿ. ಹೊಳೆಯುವ ಬಿಳಿ ಸಬ್ಬಕ್ಕಿಗೆ ಮರುಳಾಗಬೇಡಿ. ನಾವು ಆ ಬಿಳುಪು ಬಯಸುವುದರಿಂದಲೇ ಅದಕ್ಕೆ ಬ್ಲೀಚ್ ಬೀಳುತ್ತದೆ. ಅರಿಶಿನದ ಪುಡಿ ಕೊಂಡರೆ ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ನೋಡಿ: ಶುದ್ಧವಾದದ್ದು ತಿಳಿ ಹಳದಿ ಬಿಟ್ಟು ತಳಕ್ಕಿಳಿಯುತ್ತದೆ, ಬಣ್ಣ ಬೆರೆತದ್ದು ನೀರನ್ನೆಲ್ಲ ಗಾಢ ಹಳದಿ ಮಾಡುತ್ತದೆ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ವ್ಯಾಪಾರಿ ಅಣ್ಣತಮ್ಮಂದಿರೇ, ನಿಮ್ಮ ಹೊಟ್ಟೆಪಾಡಿನ ಕಷ್ಟ ಗೊತ್ತು. ಬಣ್ಣವಿಲ್ಲದ ಜಿಲೇಬಿಯನ್ನು ಧೈರ್ಯವಾಗಿ ಮಾರಿ, ಕೊಳ್ಳುವುದು ನಮ್ಮ ಜವಾಬ್ದಾರಿ. ಬರುವ ಹಬ್ಬಕ್ಕೆ ನಮ್ಮ ಊರಿನ ಜಾತ್ರೆ ಸಮಿತಿ, ಶಾಲೆ, ಮದುವೆ ಅಡುಗೆಯವರು ಎಲ್ಲರೂ ಕೂತು ಇದೊಂದು ತೀರ್ಮಾನ ಮಾಡೋಣ: ನಮ್ಮ ಊರಿನ ಅಡುಗೆಗೆ ಡಬ್ಬಿಯ ಬಣ್ಣ ಬೇಡ.