ರಿಯಾಯಿತಿಯ ಬರ್ತಿನಲ್ಲಿ ಮಲಗಿದವರು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರಾತ್ರಿ ಗಾಡಿಯ ಸ್ಲೀಪರ್ ಬೋಗಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲ 2020ಕ್ಕಿಂತ ಸ್ವಲ್ಪ ಹಿಂದಿನದು. ಗಾಡಿ ತುಮಕೂರು ದಾಟಿದೆ. ಚಪಾತಿ, ಚಿತ್ರಾನ್ನದ ಡಬ್ಬಿಗಳು ಖಾಲಿಯಾಗಿ ಮುಚ್ಚಿಕೊಂಡಿವೆ. ಗಾಳಿ ತುಂಬುವ ದಿಂಬುಗಳು ಉಬ್ಬುತ್ತಿವೆ. ಆ ಹೊತ್ತಿಗೆ ಕರಿ ಕೋಟಿನ ಟಿಕೆಟ್ ಪರೀಕ್ಷಕರು ಪಟ್ಟಿ ಹಿಡಿದು ಬರುತ್ತಾರೆ.

ಕೆಳಗಿನ ಬರ್ತಿನಲ್ಲಿ ಕುಳಿತ ರಾಯರ ಹೆಸರಿನ ಮುಂದೆ ವಯಸ್ಸು 61 ಎಂದಿದೆ. ರಾಯರ ಕೂದಲು ಕಪ್ಪಾಗಿದೆ. ಆದರೆ ಕೂದಲಿನ ಬಣ್ಣವನ್ನು ನಂಬುವ ಕಾಲ ಎಂದೋ ಹೋಯಿತು. ‘ಗುರುತಿನ ಚೀಟಿ ತೋರಿಸಿ’ ಎಂದಾಗ ರಾಯರು ಎಡ ಜೇಬು, ಬಲ ಜೇಬು, ಚೀಲದ ಹೊರಗಿನ ಜಿಪ್ಪು ಎಲ್ಲವನ್ನೂ ತಡಕುತ್ತಾರೆ. ಕೊನೆಗೆ ಸಿಕ್ಕ ಚೀಟಿ ರಾಯರಿಗೆ ಇನ್ನೂ 57 ಎಂದು ಸಾರಿ ಹೇಳುತ್ತದೆ. ಸುಳ್ಳು ಹೇಳಿ ಉಳಿಸಿದ್ದು ನೂರು ರೂಪಾಯಿಯ ಆಸುಪಾಸು. ಈಗ ವ್ಯತ್ಯಾಸದ ಹಣವನ್ನೂ ಅದರ ಮೇಲೆ ದಂಡವನ್ನೂ ಎಣಿಸಿ ಕೊಡಬೇಕು. ‘ಕೋಟಿಗಟ್ಟಲೆ ನುಂಗುವವರನ್ನು ಬಿಟ್ಟು ನಮ್ಮಂಥವರನ್ನು ಹಿಡಿಯುತ್ತಾರೆ ನೋಡಿ’ ಎಂದು ರಾಯರು ಬೋಗಿಗೆಲ್ಲ ಕೇಳುವಂತೆ ಗೊಣಗುತ್ತಾರೆ. ಎರಡು ಮೂರು ತಲೆಗಳು ಹೌದೆನ್ನುವಂತೆ ಆಡುತ್ತವೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ರಾಯರಿಗೂ ರೈಲ್ವೆಗೂ ಇರುವ ವ್ಯವಹಾರ. ಆದರೆ ಎದುರಿನ ಸೀಟಿನಲ್ಲಿ ತಲೆಗೆ ಕರವಸ್ತ್ರ ಬಿಗಿದುಕೊಂಡ ಹೆಂಗಸೊಬ್ಬಳು ಕುಳಿತಿದ್ದಾಳೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗಂಡನೊಂದಿಗೆ ಊರಿಗೆ ಮರಳುತ್ತಿದ್ದಾಳೆ. ವೈದ್ಯರು ಬರೆದುಕೊಟ್ಟ ರಿಯಾಯಿತಿ ಪತ್ರವನ್ನು ಗಂಡ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಬನೀನಿನ ಜೇಬಿನಲ್ಲಿಟ್ಟುಕೊಂಡಿದ್ದಾನೆ. ಆಗಷ್ಟೇ ಒಂದು ಸುಳ್ಳನ್ನು ಹಿಡಿದ ಪರೀಕ್ಷಕರು ಆ ಪತ್ರವನ್ನು ದೀಪದ ಬೆಳಕಿಗೆ ಹಿಡಿದು ಎರಡು ಸಲ ಓದುತ್ತಾರೆ. ಮೊಹರು ನೋಡುತ್ತಾರೆ, ತಾರೀಖು ನೋಡುತ್ತಾರೆ, ಆಮೇಲೆ ಅವಳ ಮುಖ ನೋಡುತ್ತಾರೆ. ಅವಳು ಕರವಸ್ತ್ರವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ರಾಯರ ಸುಳ್ಳಿನ ದಂಡದಲ್ಲಿ ಒಂದು ಪಾಲನ್ನು ಕಟ್ಟಿದವಳು ಅವಳು.

ರಿಯಾಯಿತಿಯ ನ್ಯಾಯ ಅನ್ಯಾಯದ ಮಾತು ಬಂದಾಗಲೆಲ್ಲ ಜನ ಲೆಕ್ಕ ಹಾಕುವುದು ಹಣದ್ದು. ರೈಲ್ವೆಯಂಥ ಸಮುದ್ರದಲ್ಲಿ ನೂರು ರೂಪಾಯಿ ಎಷ್ಟರದು ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ. ಹಣದ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು, ಆ ರಿಯಾಯಿತಿಯನ್ನು ಯಾರ ಹೆಸರಿಗೆ ಬರೆದಿಡಲಾಗಿದೆ, ಅದನ್ನು ಬೇರೆಯವರು ಎತ್ತಿಕೊಂಡಾಗ ಕಳೆದುಕೊಳ್ಳುವವರು ಯಾರು ಎಂಬುದನ್ನು.

ರಾಯರನ್ನೇ ತೆಗೆದುಕೊಳ್ಳಿ. ಆಗಿನ ನಿಯಮದಂತೆ 60 ತುಂಬಿದ ಗಂಡಸರಿಗೆ ಶೇಕಡಾ 40, 58 ತುಂಬಿದ ಹೆಂಗಸರಿಗೆ ಶೇಕಡಾ 50 ರಿಯಾಯಿತಿ ಇತ್ತು. ಟಿಕೆಟ್ ಕೊಳ್ಳುವಾಗ ವಯಸ್ಸಿನ ದಾಖಲೆ ಬೇಕಿರಲಿಲ್ಲ. ಬಾಯಿಮಾತನ್ನು ನಂಬಿ ಟಿಕೆಟ್ ಕೊಡುತ್ತಿದ್ದರು, ಪ್ರಯಾಣದಲ್ಲಿ ಕೇಳಿದಾಗ ತೋರಿಸಿದರೆ ಸಾಕಿತ್ತು. ಮುದುಕರನ್ನು ಕಾಗದಪತ್ರಕ್ಕಾಗಿ ಅಲೆಸಬಾರದೆಂಬ ಸೌಜನ್ಯ ಅದರಲ್ಲಿತ್ತು. ರಾಯರು ದುರುಪಯೋಗ ಮಾಡಿಕೊಂಡದ್ದು ಆ ಸೌಜನ್ಯವನ್ನು. ಇನ್ನೊಂದು ಸಂಗತಿಯೂ ಇದೆ. ಹಿರಿಯ ನಾಗರಿಕರಿಗೆಂದು ಪ್ರತಿ ಬೋಗಿಯಲ್ಲೂ ಕೆಲವು ಕೆಳಗಿನ ಬರ್ತುಗಳನ್ನು ಮೀಸಲಿಡುತ್ತಾರೆ. 61 ಎಂದು ಬರೆಸಿದ ರಾಯರಿಗೆ ಅಗ್ಗದ ಟಿಕೆಟ್ಟಿನ ಜೊತೆಗೆ ಆ ಬರ್ತೂ ಸಿಕ್ಕಿತು. ಬರ್ತುಗಳು ಎಣಿಕೆಯವು. ಒಬ್ಬರು ಅಲ್ಲಿ ಸುಳ್ಳು ಹೇಳಿ ಮಲಗಿದರೆ ನಿಜವಾಗಿ ಮಂಡಿ ನೋವಿರುವ ಇನ್ನೊಬ್ಬರು ಮೇಲಿನ ಬರ್ತಿಗೆ ಹತ್ತಬೇಕು. ‘ರೈಲ್ವೆಗೆ ಏನು ನಷ್ಟ’ ಎಂಬ ಪ್ರಶ್ನೆಗೆ ಉತ್ತರ ಆ ಕಬ್ಬಿಣದ ಮೆಟ್ಟಿಲಿನ ಮೇಲೆ ಏದುಸಿರು ಬಿಡುತ್ತಿರುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಂಚಿಸುವ ಉದ್ದೇಶದಿಂದ ಸರಿಯಾದ ಟಿಕೆಟ್ ಅಥವಾ ಪಾಸು ಇಲ್ಲದೆ ಪ್ರಯಾಣ ಮಾಡುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ರೈಲ್ವೆ ನೌಕರರಿಗೂ ಅವರ ಕುಟುಂಬಕ್ಕೂ ಕೊಡುವ ಪಾಸಿನಲ್ಲಿ ಅಣ್ಣನ ಮಗನನ್ನು ತನ್ನ ಮಗನೆಂದು ಕರೆದೊಯ್ಯುವುದೂ ಇದೇ ಸಾಲಿಗೆ ಸೇರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಕಾನೂನು ಮಾತಾಡುವ ಜಾಗದಲ್ಲಿ ಚರ್ಚೆಗೆ ಹೆಚ್ಚು ಆಸ್ಪದವಿಲ್ಲ. ಮನಸ್ಸು ತೂಗಾಡುವುದು ಕಾನೂನು ಸುಮ್ಮನಿರುವ ಜಾಗದಲ್ಲಿ.

ನಿಜವಾಗಿಯೂ 60 ತುಂಬಿದ, ಕೈತುಂಬ ಪಿಂಚಣಿ ಬರುವ, ಮಗ ಅಮೆರಿಕದಲ್ಲಿರುವ ಹಿರಿಯರೊಬ್ಬರು ಹವಾನಿಯಂತ್ರಿತ ದರ್ಜೆಯಲ್ಲಿ ಶೇಕಡಾ 40 ಕಡಿತ ಪಡೆದರೆ ಅದು ತಪ್ಪೇ? ನಿಯಮ ವಯಸ್ಸನ್ನು ಕೇಳಿತ್ತೇ ಹೊರತು ಆದಾಯವನ್ನಲ್ಲ. ಪಡೆದವರು ಸುಳ್ಳು ಹೇಳಿಲ್ಲ, ಯಾರ ಪಾಲನ್ನೂ ಕದ್ದಿಲ್ಲ. ಆದರೂ ಬೇಡವೆನ್ನುವ ಅವಕಾಶ ಇರಬೇಕೆಂದು 2016ರಲ್ಲಿ ರೈಲ್ವೆ ಈ ರಿಯಾಯಿತಿಯನ್ನು ಐಚ್ಛಿಕ ಮಾಡಿತು. 2017ರಲ್ಲಿ ಅರ್ಧವನ್ನೋ ಪೂರ್ತಿಯನ್ನೋ ಬಿಟ್ಟುಕೊಡಿ ಎಂದು ಕೇಳಿಕೊಂಡಿತು. ಬಿಟ್ಟವರು ದೊಡ್ಡವರು; ಬಿಡದವರು ಕಳ್ಳರಲ್ಲ. ದಾನ ಮಾಡದಿರುವುದಕ್ಕೂ ಕದಿಯುವುದಕ್ಕೂ ಇರುವ ವ್ಯತ್ಯಾಸವನ್ನು ಮರೆತರೆ ನ್ಯಾಯದ ಮಾತು ಬರೀ ಹೊಟ್ಟೆಕಿಚ್ಚಿನ ಮಾತಾಗುತ್ತದೆ.

ಆ ರಿಯಾಯಿತಿ 2020ರ ಮಾರ್ಚ್ 20ರಂದು ನಿಂತಿತು. ಕೊರೊನಾ ಹರಡುತ್ತಿದ್ದ ದಿನಗಳಲ್ಲಿ ವಯಸ್ಸಾದವರು ಅನಾವಶ್ಯಕವಾಗಿ ತಿರುಗಾಡಬಾರದೆಂಬುದು ಆಗ ಕೊಟ್ಟ ಕಾರಣ. ರೋಗದ ಭಯ ಹೋದ ಮೇಲೂ ರಿಯಾಯಿತಿ ವರ್ಷಗಟ್ಟಲೆ ಮರಳಲಿಲ್ಲ. ಸ್ಲೀಪರ್ ಮತ್ತು ಮೂರನೆಯ ಹವಾನಿಯಂತ್ರಿತ ದರ್ಜೆಗಳಲ್ಲಾದರೂ ಕೊಡಿ ಎಂದು ಸಂಸತ್ತಿನ ಸ್ಥಾಯಿ ಸಮಿತಿ ಶಿಫಾರಸು ಮಾಡಿತು. ಪ್ರತಿಯೊಬ್ಬ ಪ್ರಯಾಣಿಕನಿಗೂ ಈಗಾಗಲೇ ಸರಾಸರಿ ಶೇಕಡಾ 46ರಷ್ಟು ರಿಯಾಯಿತಿ ಸಿಗುತ್ತಿದೆ, 2022-23ರಲ್ಲಿ ಪ್ರಯಾಣ ದರಕ್ಕೆ ಕೊಟ್ಟ ಸಹಾಯಧನ 56,993 ಕೋಟಿ ರೂಪಾಯಿ ಎಂದು ಸರ್ಕಾರ ಉತ್ತರಿಸಿತು. ಅಂದರೆ ನೂರು ರೂಪಾಯಿ ಖರ್ಚಿನ ಪ್ರಯಾಣಕ್ಕೆ 54 ರೂಪಾಯಿ ಟಿಕೆಟ್. ‘ನಾವು ಪೂರ್ತಿ ಹಣ ಕೊಟ್ಟು ಬಂದಿದ್ದೇವೆ, ಅವರು ಪುಕ್ಕಟೆ ಬಂದಿದ್ದಾರೆ’ ಎಂದು ಪಕ್ಕದವರನ್ನು ದುರುಗುಟ್ಟಿ ನೋಡುವವರೂ ಈ ಲೆಕ್ಕದಲ್ಲಿ ರಿಯಾಯಿತಿಯ ಬರ್ತಿನಲ್ಲೇ ಮಲಗಿದ್ದಾರೆ. ರೈಲಿನಲ್ಲಿ ಯಾರೂ ಪೂರ್ತಿ ಹಣ ಕೊಟ್ಟವರಲ್ಲ.

ಹಿರಿಯರ ರಿಯಾಯಿತಿ ನಿಂತದ್ದು ರಾಯರಂಥವರ ಸುಳ್ಳಿನಿಂದ ಎನ್ನಲಾಗದು. ಆದರೆ ಅದು ನಿಂತಾಗ ಏಟು ಬಿದ್ದದ್ದು ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗಲು ದುಡ್ಡು ಕೂಡಿಡುವ ಮುದುಕಿಗೆ. ಕೈತುಂಬ ಪಿಂಚಣಿಯವರಿಗೆ ಅದು ಬರಿಯ ಬೇಸರ. ಅವಳಿಗೆ ಒಂದು ಪ್ರಯಾಣವೇ ಇಲ್ಲವಾಯಿತು. ಅಂಗವಿಕಲರು, ಹನ್ನೊಂದು ಬಗೆಯ ರೋಗಿಗಳು ಮತ್ತು ವಿದ್ಯಾರ್ಥಿಗಳ ರಿಯಾಯಿತಿಗಳನ್ನು ಉಳಿಸಲಾಯಿತು. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇಕಡಾ 75. ಚಿಕಿತ್ಸೆಗೆ ಎಂಬ ಮಾತು ಮುಖ್ಯ. ಅದೇ ಪತ್ರವನ್ನು ಹಿಡಿದು ಮದುವೆಗೆ ಹೊರಡುವ ಮನೆಯವರೂ ಇದ್ದಾರು. ಅವರು ರೋಗವನ್ನು ಸುಳ್ಳು ಹೇಳಿಲ್ಲ, ದಾರಿಯನ್ನು ಮಾತ್ರ ಸುಳ್ಳು ಹೇಳಿದ್ದಾರೆ.

ಇನ್ನು ಬಸ್ಸಿನ ವಿಚಾರ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ನಿವಾಸಿಗಳಾದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಅಂದಿನಿಂದ ಅರಳೀಕಟ್ಟೆಯಿಂದ ಹಿಡಿದು ಕಚೇರಿಯ ಕ್ಯಾಂಟೀನಿನವರೆಗೆ ಒಂದೇ ಪ್ರಶ್ನೆ. ತಿಂಗಳಿಗೆ ಲಕ್ಷ ಎಣಿಸುವ ಹೆಂಗಸೂ ಶೂನ್ಯ ಟಿಕೆಟ್ ತೆಗೆದುಕೊಳ್ಳಬಹುದೇ? ಆದಾಯ ನೋಡಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎನ್ನುವವರು ಒಂದು ಕ್ಷಣ ತಾಲ್ಲೂಕು ಕಚೇರಿಯ ಸಾಲನ್ನು ನೆನೆಯಬೇಕು. ಆದಾಯ ಪತ್ರ ಕೇಳಿದ ಕೂಡಲೇ ಮೊದಲು ಹೊರಗುಳಿಯುವವಳು ಪತ್ರ ಮಾಡಿಸಲು ಒಂದು ದಿನದ ಕೂಲಿ ಬಿಡಲಾಗದವಳು. ಎಲ್ಲರಿಗೂ ಕೊಟ್ಟಾಗ ಬೇಡದವರಿಗೂ ಒಂದಿಷ್ಟು ಹೋಗುತ್ತದೆ. ಆರಿಸಿ ಕೊಡಲು ಹೊರಟಾಗ ಬೇಕಾದವರಿಗೇ ತಪ್ಪುತ್ತದೆ. ಆದ್ದರಿಂದ ಲಕ್ಷ ಸಂಬಳದವಳು ಶೂನ್ಯ ಟಿಕೆಟ್ ತೆಗೆದುಕೊಂಡರೆ ಅದು ಅವಳ ಹಕ್ಕು. ಹಣ ಕೊಟ್ಟು ಟಿಕೆಟ್ ಕೇಳಿದರೆ ಅದು ಅವಳ ದೊಡ್ಡತನ. ಆದರೆ ಹೊರರಾಜ್ಯದಲ್ಲಿ ನೆಲೆಸಿ, ಹಳೆಯ ವಿಳಾಸದ ಗುರುತಿನ ಚೀಟಿ ಇದೆಯೆಂದು ಅದನ್ನೇ ತೋರಿಸುವವಳ ಕಥೆ ಬೇರೆ. ಅವಳೂ ರಾಯರ ಬೋಗಿಯವಳೇ. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ಪ್ರಯಾಣ ದರವನ್ನು ಶೇಕಡಾ 15ರಷ್ಟು ಏರಿಸಿದವು. ಡೀಸೆಲ್ಲು, ಸಂಬಳ ಎಂದು ಕಾರಣ ಏನೇ ಇರಲಿ, ಪುಕ್ಕಟೆ ಎಂಬ ಟಿಕೆಟ್ಟಿನ ಹಿಂದೆ ಯಾರದೋ ಜೇಬು ಇದ್ದೇ ಇರುತ್ತದೆ ಎಂಬುದು ನೆನಪಿರಬೇಕು.

ಸರ್ಕಾರದ್ದಾದರೆ ಕರುಣೆ, ಖಾಸಗಿ ಕಂಪನಿಯದಾದರೆ ವ್ಯಾಪಾರ. ಅಲ್ಲಿ ಯಾಕೆ ಮಡಿ ಮೈಲಿಗೆ ಎನ್ನುವವರಿದ್ದಾರೆ. ವಿಮಾನ ಕಂಪನಿಗಳು ದೊಡ್ಡ ಸಂಸ್ಥೆಗಳ ನೌಕರರಿಗೆಂದು ಬೇರೆ ದರ ಇಡುತ್ತವೆ, ವಿದ್ಯಾರ್ಥಿಗಳಿಗೆ ಬೇರೆ, ಸೈನಿಕರಿಗೆ ಬೇರೆ. ಸಂಸ್ಥೆಯಲ್ಲಿರುವ ಭಾವಮೈದುನನಿಂದ ಗುಟ್ಟಿನ ಸಂಕೇತ ಪಡೆದು ಟಿಕೆಟ್ ಕೊಳ್ಳುವುದು ಜಾಣತನವೆಂದೇ ಲೆಕ್ಕ.

ಈ ಬೇರೆ ಬೇರೆ ದರಗಳ ಗುಟ್ಟನ್ನು 1849ರಷ್ಟು ಹಿಂದೆಯೇ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದುಪ್ಯುಯಿ ಬಿಡಿಸಿಟ್ಟಿದ್ದ. ಆಗಿನ ರೈಲುಗಳಲ್ಲಿ ಮೂರನೆಯ ದರ್ಜೆಯ ಬಂಡಿಗಳಿಗೆ ಚಾವಣಿಯೇ ಇರುತ್ತಿರಲಿಲ್ಲ. ಚಾವಣಿಗೆ ತಗಲುವ ಖರ್ಚು ಕಂಪನಿಗೆ ದೊಡ್ಡದಾಗಿರಲಿಲ್ಲ. ಚಾವಣಿ ಹಾಕಿದರೆ ಎರಡನೆಯ ದರ್ಜೆಯ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿದುಬಿಟ್ಟಾರು ಎಂಬುದು ಅದರ ಭಯ. ಬಡವರನ್ನು ನೋಯಿಸುವ ಉದ್ದೇಶವಿಲ್ಲದಿದ್ದರೂ, ಅನುಕೂಲಸ್ಥರನ್ನು ಹೆದರಿಸಲು ಬಡವರನ್ನು ಬಿಸಿಲು ಮಳೆಗೆ ಒಡ್ಡಲಾಗಿತ್ತು. ಅಗ್ಗದ ದರಕ್ಕೆ ಅರ್ಹರಲ್ಲದವರು ನುಗ್ಗುತ್ತಾರೆಂಬ ಅನುಮಾನ ಬಂದ ಕೂಡಲೇ ಕಂಪನಿ ಬೇಲಿ ಹಾಕುತ್ತದೆ. ಆ ಬೇಲಿಯ ಮುಳ್ಳು ಚುಚ್ಚುವುದು ಒಳಗಿರುವ ಅರ್ಹರಿಗೆ.

ನೂರೆಪ್ಪತ್ತು ವರ್ಷಗಳ ನಂತರವೂ ಇದು ಹಾಗೆಯೇ ಇದೆ. ಕದ್ದ ಸಂಕೇತದಿಂದ ಟಿಕೆಟ್ ಕೊಂಡವನನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ‘ನೌಕರಿಯ ಗುರುತಿನ ಚೀಟಿ?’ ಎಂದು ಕೇಳಿದಾಗ ಅವನ ಜಾಣತನ ಇಳಿಯುತ್ತದೆ, ನಿಜ. ಆದರೆ ಅವನಿಂದಾಗಿ ಹಾಸ್ಟೆಲಿನಿಂದ ಊರಿಗೆ ಹೊರಟ ಬಡ ವಿದ್ಯಾರ್ಥಿಯೂ ಮೂರು ಕಾಗದ ತೋರಿಸಬೇಕಾಗುತ್ತದೆ. ರೈಲಿನ ರಿಯಾಯಿತಿ ಟಿಕೆಟ್ಟಿಗಾಗಿ ಕಣ್ಣಿಲ್ಲದವರೂ ಕಾಲಿಲ್ಲದವರೂ ವೈದ್ಯರ ಪತ್ರ, ರೈಲ್ವೆಯ ಗುರುತಿನ ಚೀಟಿ ಎಂದು ಕಚೇರಿಯಿಂದ ಕಚೇರಿಗೆ ಹೋಗಬೇಕು. ಇಷ್ಟೆಲ್ಲ ಮಾಡಿ ಅಂಗವಿಕಲರ ಬೋಗಿಯ ಬಾಗಿಲಿಗೆ ಬಂದರೆ ಒಳಗೆ ಗಟ್ಟಿಮುಟ್ಟಾದ ಜನ ಕಾಲು ಚಾಚಿ ಕುಳಿತಿರುವುದೂ ಉಂಟು.

ಹಾಗಾದರೆ ಸಾಮಾನ್ಯ ಮನುಷ್ಯ ಯಾವುದನ್ನು ಪಡೆಯಬಹುದು, ಯಾವುದನ್ನು ಬಿಡಬೇಕು? ಇದಕ್ಕೆ ಕಾಯ್ದೆಯ ಪುಸ್ತಕ ತೆರೆಯಬೇಕಾಗಿಲ್ಲ. ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತವನು ತಾನು ಈ ರಿಯಾಯಿತಿಯನ್ನು ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಹಿಂದಿನ ಹತ್ತು ಜನಕ್ಕೆ ಕೇಳುವಂತೆ ಗಟ್ಟಿಯಾಗಿ ಹೇಳಬಲ್ಲನೇ ಎಂದು ನೋಡಿಕೊಂಡರೆ ಸಾಕು. ‘ನನಗೆ ಅರವತ್ತೊಂದು’ ಎಂದು ಮುದುಕರು ಗಟ್ಟಿಯಾಗಿಯೇ ಹೇಳುತ್ತಾರೆ. ‘ನಮ್ಮವಳಿಗೆ ಆಸ್ಪತ್ರೆಗೆ ಹೋಗಬೇಕು’ ಎಂಬುದೂ ಗಟ್ಟಿಯಾಗಿಯೇ ಬರುತ್ತದೆ. ಧ್ವನಿ ತಗ್ಗಿ, ಬಾಯಿ ಕಿಂಡಿಯ ಹತ್ತಿರಕ್ಕೆ ಹೋದಾಗ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಆ ರಾತ್ರಿ ಗಾಡಿಯಲ್ಲಿ ಪರೀಕ್ಷಕರು ಮುಂದಿನ ಬೋಗಿಗೆ ಹೋಗಿಯಾಗಿದೆ. ಗಂಡ ಪತ್ರವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬನೀನಿನ ಜೇಬಿಗೆ ಸೇರಿಸಿದ್ದಾನೆ. ಮೇಲಿನ ಬರ್ತಿನ ಮುದುಕರು ಮೆಟ್ಟಿಲಿಗೆ ಕೈ ಹಾಕಿ, ಒಂದು ಕಾಲನ್ನು ಇಟ್ಟು, ಇನ್ನೊಂದನ್ನು ಎತ್ತಲಾಗದೆ ನಿಂತಿದ್ದಾರೆ. ರಾಯರು ರಶೀದಿಯನ್ನು ಮಡಿಸಿ ಜೇಬಿಗಿಡುತ್ತ ಅತ್ತ ನೋಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಏಳುತ್ತಾರೆ. ‘ನೀವು ಕೆಳಗೆ ಮಲಗಿ, ನನಗೆ ಇನ್ನೂ ಐವತ್ತೇಳು’ ಎನ್ನುತ್ತಾರೆ. ಈ ಸಲ ಅದನ್ನು ಬೋಗಿಗೆಲ್ಲ ಕೇಳುವಂತೆಯೇ ಹೇಳುತ್ತಾರೆ.