ವಿಷದ ನೆಲಕ್ಕೂ ‘ಸಣ್ಣ ತಪ್ಪಿ’ನ ರಿಯಾಯಿತಿಯೇ?

ಸಣ್ಣಪುಟ್ಟ ಲೋಪಕ್ಕೆಲ್ಲ ದಂಡ ಹಾಕಬೇಡಿ, ಮೊದಲು ನೋಟಿಸ್ ಕೊಡಿ, ಸರಿಪಡಿಸಿಕೊಳ್ಳಲು ಒಂದಷ್ಟು ದಿನ ಕೊಡಿ ಎಂಬುದು ಕೈಗಾರಿಕಾ ವಲಯದ ಹಳೆಯ ಬೇಡಿಕೆ. ಕೇಳಲು ನ್ಯಾಯವಾಗಿಯೇ ಇದೆ. ಅದರ ಅರ್ಧ ಭಾಗ ಆಗಲೇ ಈಡೇರಿದೆ ಕೂಡ. 2023ರ ಜನ ವಿಶ್ವಾಸ ಕಾಯ್ದೆ 42 ಕಾನೂನುಗಳ 183 ಕಲಮುಗಳನ್ನು ಸಡಿಲಿಸಿತು. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿದ್ದ ಐದು ವರ್ಷದವರೆಗಿನ ಜೈಲು ಹೋಗಿ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂತು. ಜೈಲು ಹೋಯಿತೆಂದು ನಾನು ಅಳುತ್ತಿಲ್ಲ. ಆ ಜೈಲು ಶಿಕ್ಷೆ ಇದ್ದ ಕಾಲದಲ್ಲೂ ನದಿ ಕೆಡಿಸಿ ಕಂಬಿ ಎಣಿಸಿದವರನ್ನು ದೀಪ ಹಿಡಿದು ಹುಡುಕಬೇಕಿತ್ತು. ನನ್ನ ತಕರಾರು ಬೇರೆ. ಕಲುಷಿತ ತಾಣಗಳನ್ನು ಶುಚಿಗೊಳಿಸುವ ವಿಷಯದಲ್ಲಿ ಯಾವ ಲೋಪ ಸಣ್ಣದು ಎಂದು ತೀರ್ಮಾನಿಸುವವರು ಯಾರು, ಯಾವಾಗ?

ರಿಯಾಯಿತಿ ಬೇಕೆನ್ನುವವರಿಗೆ ಅಮೆರಿಕದ ನ್ಯೂಜೆರ್ಸಿ ಒಳ್ಳೆಯ ಸಾಕ್ಷಿ. ರಾಸಾಯನಿಕ ಉದ್ಯಮ ಬೆಳೆದು ನೆಲ ಕೆಟ್ಟ ರಾಜ್ಯ ಅದು. 1995ರಲ್ಲಿ ಅಲ್ಲಿ ಗ್ರೇಸ್ ಪೀರಿಯಡ್ ಕಾನೂನು ಬಂತು. ಸಣ್ಣ ಉಲ್ಲಂಘನೆಗೆ 30ರಿಂದ 90 ದಿನಗಳ ಅವಕಾಶ, ಅಷ್ಟರಲ್ಲಿ ಸರಿಪಡಿಸಿದರೆ ದಂಡವಿಲ್ಲ. ನಮ್ಮಲ್ಲಿ ಅದನ್ನು ಹೊಗಳುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಆ ಕಾನೂನು ‘ಸಣ್ಣದು’ ಎಂಬುದನ್ನು ಅಧಿಕಾರಿಯ ಮರ್ಜಿಗೆ ಬಿಟ್ಟಿಲ್ಲ. ತಪ್ಪು ಬೇಕೆಂದೇ ಮಾಡಿದ್ದಾಗಿರಬಾರದು. ಜನರ ಆರೋಗ್ಯಕ್ಕೆ, ನೀರು ಮಣ್ಣಿಗೆ ಅದರಿಂದ ಹೇಳಿಕೊಳ್ಳುವಂಥ ಅಪಾಯ ಇರಬಾರದು. ಪತ್ತೆಯಾಗುವ ಮೊದಲು ಅದು ಹನ್ನೆರಡು ತಿಂಗಳಷ್ಟು ಕಾಲ ನಡೆದಿರಬಾರದು. ಶುಚಿಗೊಳಿಸುವಿಕೆಯ ನಿಯಮಗಳಲ್ಲಂತೂ ಒಂದೊಂದು ಉಲ್ಲಂಘನೆಯ ಮುಂದೆಯೂ ಸಣ್ಣದು, ಸಣ್ಣದಲ್ಲ ಎಂದು ಮೊದಲೇ ಗುರುತು ಹಾಕಿದ ಪಟ್ಟಿಯಿದೆ. ಯಾರು ಬೇಕಾದರೂ ಓದಬಹುದು. ಗಡುವು ಮೀರಿದರೆ ನೋಟಿಸ್ ಕೊಟ್ಟ ದಿನದಿಂದಲೇ ದಂಡದ ಲೆಕ್ಕ ಶುರುವಾಗಬಹುದು.

ಇಷ್ಟೆಲ್ಲ ಬಿಗಿ ಇರುವ ಅದೇ ರಾಜ್ಯದ ಪಾಂಪ್ಟನ್ ಲೇಕ್ಸ್ ಊರನ್ನೂ ನೋಡಬೇಕು. ಡ್ಯೂಪಾಂಟ್ ಕಂಪನಿಯ ಸ್ಫೋಟಕ ಕಾರ್ಖಾನೆ ಅಲ್ಲಿ 1994ರಲ್ಲಿ ಬಾಗಿಲು ಹಾಕಿತು. ಲೋಹ ತೊಳೆಯಲು ಬಳಸುವ ದ್ರಾವಕಗಳು ಅಷ್ಟರಲ್ಲಾಗಲೇ ಅಂತರ್ಜಲ ಸೇರಿದ್ದವು. ಆ ನೀರಿನಿಂದೇಳುವ ಆವಿ ಮನೆಗಳ ತಳಮಹಡಿಗೆ ನುಗ್ಗಬಲ್ಲದು ಎಂದು ಜನರಿಗೆ ತಿಳಿದದ್ದು 2008ರಲ್ಲಿ. ಆಪತ್ತಿನ ವ್ಯಾಪ್ತಿಯಲ್ಲಿದ್ದದ್ದು 400ಕ್ಕೂ ಹೆಚ್ಚು ಮನೆಗಳು. ಇದಕ್ಕೆ ಗ್ರೇಸ್ ಪೀರಿಯಡ್ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಮಣ್ಣಿನಡಿಯ ವಿಷಕ್ಕೆ ಹೊಗೆಯಿಲ್ಲ, ಬಣ್ಣವಿಲ್ಲ, ಬಹಳ ಸಲ ವಾಸನೆಯೂ ಇಲ್ಲ. ಅದು ಇದೆ ಎಂದು ಹೇಳುವುದು ಪ್ರಯೋಗಾಲಯದ ಒಂದು ವರದಿ ಮಾತ್ರ. ವರದಿ ಮೂರು ತಿಂಗಳು ತಡವಾದರೆ ಅದನ್ನು ಕಾಗದಪತ್ರದ ಲೋಪ ಎನ್ನುತ್ತೇವೆ. ಪಕ್ಕದ ಬೀದಿಯವರು ಆ ಮೂರು ತಿಂಗಳೂ ಅದೇ ಕೊಳವೆಬಾವಿಯ ನೀರು ಕುಡಿಯುತ್ತಿರುತ್ತಾರೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮಟ್ಟಿಗೆ ಇದು ಬರಿಯ ವಾದವಲ್ಲ. ಅಲ್ಲಿನ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಸೋರಿದ ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತರ್ಜಲದಲ್ಲಿ ಸಿಕ್ಕಿರುವುದು ಹೊಸ ಸುದ್ದಿಯೇನಲ್ಲ. ಅದು ಕ್ಯಾನ್ಸರ್‌ಕಾರಕ. ಬೆಂಗಳೂರಿನ ಗಟ್ಟಿ ಬಂಡೆಯಲ್ಲಿ ನೀರು ಹರಿಯುವುದು ಬಿರುಕುಗಳ ಮೂಲಕ. ಎಲ್ಲಿ ಪಂಪು ಜೋರಾಗಿ ಎಳೆಯುತ್ತದೋ ವಿಷವೂ ಅತ್ತ ಸಾಗುತ್ತದೆ, ಕಾರ್ಖಾನೆಯ ಕಾಂಪೌಂಡು ಅದಕ್ಕೆ ಲೆಕ್ಕಕ್ಕಿಲ್ಲ. ಹತ್ತು ಜನ ಕೆಲಸಗಾರರ ಶೆಡ್ ನಡೆಸುವ ಮಾಲೀಕ ಸಲಹೆಗಾರರನ್ನು ಇಟ್ಟುಕೊಳ್ಳಲಾರ ಎಂಬ ವಾದ ನನಗೆ ಅರ್ಥವಾಗುತ್ತದೆ. ಫಲಕ ತೂಗುಹಾಕಿಲ್ಲವೇ, ರಿಜಿಸ್ಟರಿನಲ್ಲಿ ಸಹಿ ಬಿಟ್ಟುಹೋಗಿದೆಯೇ? ಧಾರಾಳವಾಗಿ ಒಂದು ತಿಂಗಳು ಕೊಡಿ. ಇಂಥದ್ದಕ್ಕೆ ದಂಡ ಹಾಕುವುದರಿಂದ ಹೆಚ್ಚುವುದು ಮೇಜಿನ ಕೆಳಗಿನ ವ್ಯವಹಾರವೇ. ನೀರಿನ ಮಾದರಿ ತೆಗೆಯಲಿಲ್ಲ, ಫಲಿತಾಂಶ ಮುಚ್ಚಿಟ್ಟ, ಅಗೆದ ಮಣ್ಣನ್ನು ರಾತ್ರಿ ಲಾರಿಯಲ್ಲಿ ಸಾಗಿಸಿದ ಎಂದರೆ ಒಂದು ದಿನವೂ ಬೇಡ.

ಇನ್ನು ನಮ್ಮ ಹೊಸ ನಿಯಮ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿತು. ಭೋಪಾಲ ದುರಂತ ನಡೆದು ನಲವತ್ತು ವರ್ಷ ದಾಟಿದ ಮೇಲೆ! ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಂಗಳದಲ್ಲಿದ್ದ 337 ಟನ್ ತ್ಯಾಜ್ಯ ಪೀಥಂಪುರಕ್ಕೆ ಹೊರಟದ್ದೂ ಆ ವರ್ಷದ ಜನವರಿಯಲ್ಲೇ. ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ವರದಿ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರಾಥಮಿಕ ಪರಿಶೀಲನೆಗೆ 90 ದಿನ, ವಿವರವಾದ ಸಮೀಕ್ಷೆಗೆ ಮತ್ತೆ ಮೂರು ತಿಂಗಳು. ಸರಿ, ನೆಲ ಕೆಟ್ಟಿದೆ ಎಂದು ಸಾಬೀತಾಯಿತು. ಶುಚಿ ಕೆಲಸ ಯಾವಾಗ ಮುಗಿಯಬೇಕು? ಅದಕ್ಕೆ ಮಾತ್ರ ನಿಯಮದಲ್ಲಿ ಗಡುವೇ ಇಲ್ಲ. ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ತಾಣಗಳು 103. ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಕೊನೆಯ ದಿನಾಂಕವೇ ಇಲ್ಲದ ಕಡೆ ರಿಯಾಯಿತಿ ದಿನಗಳನ್ನು ಎಲ್ಲಿಂದ ಎಣಿಸುವುದು?

ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಕಾನೂನಿದೆಯಂತೆ. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ, ಜನ ಸೈನೈಡ್ ದಿಬ್ಬ ಎಂದೇ ಕರೆಯುವ 3 ಕೋಟಿ ಟನ್ನಿಗೂ ಹೆಚ್ಚಿನ ಪುಡಿ ಅಲ್ಲೇ ಇದೆ. ಗಾಳಿ ಎದ್ದಾಗ ಅದು ಊರ ಮೇಲೆ ಬೀಳುತ್ತದೆ. 2024ರ ಜೂನ್‌ನಲ್ಲಿ ಅಂಥ 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ಮಾಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉಳಿದ ಚಿನ್ನದ ಲೆಕ್ಕ ಹಾಕಲು ಸರ್ಕಾರಗಳಿಗೆ ಪುರುಸೊತ್ತು ಸಿಕ್ಕಿತು, ದೂಳು ಉಸಿರಾಡಿದವರ ಲೆಕ್ಕಕ್ಕೆ ಸಿಗಲಿಲ್ಲ.

ರಾಜ್ಯ ಸರ್ಕಾರ ಮೊದಲು ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಕರ್ನಾಟಕದ ಪ್ರತಿ ಕಲುಷಿತ ತಾಣದ ಹೆಸರು, ಅಲ್ಲಿ ಸಿಕ್ಕ ವಿಷ, ಕೊನೆಯ ಪರೀಕ್ಷೆಯ ಫಲಿತಾಂಶ, ಶುಚಿ ಕೆಲಸ ಮುಗಿಸಬೇಕಾದ ದಿನಾಂಕ, ಇಷ್ಟನ್ನು ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯಿತಿ, ವಾರ್ಡ್ ಕಚೇರಿಗಳಲ್ಲಿ ಅಂಟಿಸಲಿ. ಕೈಗಾರಿಕೆಗಳು ಬಯಸುವ ಸಣ್ಣ ತಪ್ಪುಗಳ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಹಾಕಲಿ, ಒಪ್ಪುವುದೋ ಬಿಡುವುದೋ ಆ ನೀರು ಕುಡಿಯುವವರು ಹೇಳಲಿ. ಈ ಎರಡು ಪಟ್ಟಿಗಳು ಗೋಡೆಗೆ ಬರುವವರೆಗೆ ರಿಯಾಯಿತಿ ಅವಧಿಯ ಯಾವ ಪ್ರಸ್ತಾವಕ್ಕೂ ಮಂಡಳಿ ಸಹಿ ಹಾಕಬಾರದು.