ಕೈಯಾರೆ ಹೊಲಿದ ಉಡುಗೊರೆ

ಈದ್ ಹತ್ತಿರ ಬಂತೆಂದರೆ ಉಡುಗೊರೆಯ ಚಿಂತೆ. ಕೈಯಲ್ಲಿ ಹಣ ಕಡಿಮೆ. ಮನೆಯಲ್ಲಿ ಹೊಲಿಗೆ ಯಂತ್ರವಿದೆ, ಉಳಿದ ತುಂಡುಬಟ್ಟೆಗಳಿವೆ. ಆದರೆ ಅಂಗಡಿಯದ್ದಲ್ಲವಲ್ಲ ಎಂಬ ಸಂಕೋಚ. ಸಹೋದರಿ, ಸಂಕೋಚವೇಕೆ?

ಓರ್ವ ಮಹಿಳೆ ತನ್ನ ಕೈಯಾರೆ ನೇಯ್ದ ಅಂಚುಳ್ಳ ಬಟ್ಟೆಯೊಂದನ್ನು ಪ್ರವಾದಿವರ್ಯರಿಗೆ(ಸ) ತಂದುಕೊಟ್ಟುದನ್ನು ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ್ದಾರೆ (ಬುಖಾರಿ). ಅವರಿಗೆ ಅದರ ಅಗತ್ಯವಿತ್ತು. ಸ್ವೀಕರಿಸಿ, ಅದನ್ನೇ ಉಟ್ಟುಕೊಂಡು ಸಂಗಾತಿಗಳ ಮುಂದೆ ಬಂದರು.

ಅಗತ್ಯವಿತ್ತು ಎಂಬುದನ್ನು ಗಮನಿಸಿ. ನಾವು ಹೆಚ್ಚಾಗಿ ನಮಗೆ ಹೊಲಿಯಲು ಇಷ್ಟವಾದುದನ್ನು ಹೊಲಿಯುತ್ತೇವೆ, ಪಡೆಯುವವರಿಗೆ ಏನು ಬೇಕೆಂದು ನೋಡುವುದಿಲ್ಲ. ಅಜ್ಜಿ ಮಗಳ ಮನೆಗೆ ಹೋಗುವಾಗ ತನ್ನ ಕುರ್‌ಆನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುತ್ತಾರೆಯೇ? ಹಾಗಾದರೆ ಅವರಿಗೊಂದು ಬಟ್ಟೆಯ ಚೀಲ ಹೊಲಿಯಿರಿ.

ಗ್ರಂಥ 9 ಇಂಚು ಉದ್ದ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪವಿದ್ದರೆ 26 ಇಂಚು ಉದ್ದ, 9 ಇಂಚು ಅಗಲದ ಹತ್ತಿ ಬಟ್ಟೆ ಸಾಕು. ಕತ್ತರಿಸುವ ಮುನ್ನ ಒಮ್ಮೆ ಒಗೆದು ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಗ್ರಂಥ ಒಳಹೋಗದು! ಎರಡು ತುದಿಗಳನ್ನೂ ಅರ್ಧ ಇಂಚು ಮಡಚಿ ಹೊಲಿಯಿರಿ. ಬಟ್ಟೆಯ ಒಳಮೈ ಹೊರಗಿರುವಂತೆ ಒಂದು ತುದಿಯಿಂದ 10 ಇಂಚು ಮಡಚಿ, ಎರಡೂ ಬದಿಗೆ ಅರ್ಧ ಇಂಚು ಬಿಟ್ಟು ಹೊಲಿದು ಮಗುಚಿ. ಉಳಿದ ಭಾಗ ಮುಚ್ಚಳವಾಗುತ್ತದೆ. ಅದರ ಅಂಚುಗಳನ್ನೂ ಮಡಚಿ ಹೊಲಿಯಿರಿ. ಅಜ್ಜಿಯ ಬೆರಳು ನಡುಗುತ್ತಿದ್ದರೆ ಗುಂಡಿ ಬೇಡ, ವೆಲ್ಕ್ರೋ ಇರಲಿ.

ಈದ್‌ಗೆ ಎರಡು ವಾರವಿರುವಾಗಲೇ ಕೈಹಚ್ಚಿ. ಕೊನೆಯ ದಿನಗಳಲ್ಲಿ ಅಡುಗೆಮನೆ ನಿಮ್ಮನ್ನು ಯಂತ್ರದ ಮುಂದೆ ಕೂರಲು ಬಿಡುವುದಿಲ್ಲ.